ಜೇನಿನ ಮೈಮೇಲೊಂದು ಉಣುಗು

ನಮ್ಮ ಕಡೆಯ ಒಂದು ಕಾಡಿನ ಹೆಸರು ಜಗತ್ತಿನ ವೈರಸ್ ಪುಸ್ತಕಗಳಲ್ಲೆಲ್ಲ ಇದೆ. ಸೊರಬ ತಾಲೂಕಿನ ಕ್ಯಾಸನೂರು. 1957ರಲ್ಲಿ ಅಲ್ಲಿನ ಕಾಡಲ್ಲಿ ಮುಸ್ಯಗಳು, ಮಂಗಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಸೊಪ್ಪು ಸೌದೆ ಅಂತ ಕಾಡಿಗೆ ಹೋದ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆಫ್ರಿಕಾದ ಹಳದಿ ಜ್ವರ ಇಲ್ಲಿಗೂ ಬಂತಾ ಅನ್ನೋದು ಅವರ ಮೊದಲ ಭಯ. ನೋಡಿದರೆ ಅದಲ್ಲ. ಸಿಕ್ಕಿದ್ದು ರಷ್ಯಾದ ಕಾಡುಗಳಲ್ಲಿ ಉಣುಗು ಹರಡುವ ಮೆದುಳು ಜ್ವರದ ವೈರಸ್ಸಿನ ನೆಂಟ. ಇಲ್ಲೂ ಅದನ್ನು ಹೊತ್ತು ತಿರುಗುತ್ತಿದ್ದದ್ದು ಉಣುಗೇ. ಹಾಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ ಆಯ್ತು, ನಮ್ಮ ಬಾಯಲ್ಲಿ ಮಂಗನ ಕಾಯಿಲೆ.

ನಾನು ಬಳ್ಳಿಗಾವಿ ಹತ್ತಿರದ ಹಳ್ಳಿಯವನು. ಪ್ರವಾಸಕ್ಕೆ ಬರೋರಿಗೆ ಬಳ್ಳಿಗಾವಿ ಅಂದರೆ ಕೇದಾರೇಶ್ವರ, ಅಲ್ಲಮಪ್ರಭು. ಅಲ್ಲೇ ಇರೋರಿಗೆ ಬೇಸಿಗೆ ಬಂತು ಅಂದರೆ ಕಾಡಿಗೆ ಹೋಗೋ ಮೊದಲು ಕೈಕಾಲಿಗೆ ಹಚ್ಚಿಕೊಳ್ಳೋ ಡಿಎಂಪಿ ಎಣ್ಣೆಯೂ ನೆನಪಾಗುತ್ತೆ. ಈ ಕಾಯಿಲೆ ನಮಗೆ ಕಲಿಸಿದ ಒಂದು ಪಾಠ ಇದೆ. ಉಣುಗು ರಕ್ತ ಕುಡೀತು ಅಂತ ಯಾರೂ ಸಾಯಲ್ಲ. ಕೊಟ್ಟಿಗೆಯ ದನದ ಕಿವಿಯಲ್ಲಿ ಗೊಂಚಲು ಗೊಂಚಲು ಉಣ್ಣಿ ಇರುತ್ತೆ, ಕಿತ್ತು ಹಾಕಿ ಮುಂದೆ ಹೋಗ್ತೀವಿ. ಕೊಲ್ಲೋದು ಉಣುಗು ಬಾಯಲ್ಲಿ ಹೊತ್ತು ತರೋ ಸರಕು.

ಜೇನ್ನೊಣಗಳ ಸಾವಿನ ಕತೆ ಓದುತ್ತಾ ಕೂತಾಗ ನನಗೆ ಮತ್ತೆ ಮತ್ತೆ ಕ್ಯಾಸನೂರೇ ನೆನಪಾಯ್ತು. ಯಾಕೆಂದರೆ ಜಗತ್ತಿನ ಸಾಕು ಜೇನುಗಳನ್ನು ಕಳೆದ ಐವತ್ತು ವರ್ಷಗಳಿಂದ ಕೊಲ್ಲುತ್ತಿರೋರ ಪಟ್ಟಿಯಲ್ಲಿ ಮೊದಲ ಹೆಸರು ಉಣುಗಿನದೇ ವಂಶದ ಒಂದು ಹುಳದ್ದು. ಎಂಟು ಕಾಲು, ಜೇಡ ಚೇಳುಗಳ ದೂರದ ಸಂಬಂಧಿ. ಕನ್ನಡದಲ್ಲಿ ಇಂಥವಕ್ಕೆ ನುಸಿ ಅನ್ನುತ್ತೇವೆ. ಹಳೇ ಮೈಸೂರಿನವರಿಗೆ ಈ ಪದ ಪಕ್ಕನೆ ಹೊಳೆಯೋದು ತೆಂಗಿನ ನುಸಿಯಿಂದ. ಜೇನಿನ ನುಸಿಯ ಹೆಸರು ವರೋವಾ.

ನಿಮಗೆ ಬಂದಿರೋ ಫಾರ್ವರ್ಡ್ ಬೇರೆ ಇರುತ್ತೆ, ಗೊತ್ತು. ಮೊಬೈಲ್ ಟವರಿಂದ ಜೇನು ಸಾಯ್ತಿದೆ, ಜೇನು ಹೋದರೆ ಮನುಷ್ಯ ಉಳಿಯೋದು ನಾಲ್ಕೇ ವರ್ಷ ಅಂತ ಐನ್‌ಸ್ಟೈನ್ ಹೇಳಿದ್ದರು, ಹೀಗೆ. ಐನ್‌ಸ್ಟೈನ್ ಹಾಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಟವರಿನದೂ ಹೆಚ್ಚುಕಮ್ಮಿ ಅದೇ ಕತೆ. ವರೋವಾ ಮಾತ್ರ ಬರಿಗಣ್ಣಿಗೇ ಕಾಣುತ್ತೆ. ಒಂದೂವರೆ ಮಿಲಿಮೀಟರ್ ಅಗಲ, ಕೆಂಪು ಕಂದು ಬಣ್ಣ, ಚಪ್ಪಟೆ ಏಡಿಯಂಥ ಆಕಾರ. ಜೇನಿನ ಗಾತ್ರಕ್ಕೆ ಹೋಲಿಸಿದರೆ ನಮ್ಮ ಹೊಟ್ಟೆಗೆ ಹೋಳಿಗೆಯಷ್ಟು ಅಗಲದ ಉಣುಗು ಕಚ್ಚಿಕೊಂಡ ಹಾಗೆ.

ಇದನ್ನು ಮೊದಲು ಹಿಡಿದದ್ದು ಜಾವಾ ದ್ವೀಪದಲ್ಲಿ. ಎಡ್ವರ್ಡ್ ಜೇಕಬ್‌ಸನ್ ಎಂಬಾತ ಅಲ್ಲಿನ ಜೇನುಗೂಡಿನಲ್ಲಿ ಸಿಕ್ಕ ನುಸಿಯನ್ನು ಹಾಲೆಂಡಿಗೆ ಕಳಿಸಿದ. ನುಸಿ ತಜ್ಞ ಔಡೆಮಾನ್ಸ್ 1904ರಲ್ಲಿ ಅದಕ್ಕೆ ವರೋವಾ ಜೇಕಬ್‌ಸೋನಿ ಅಂತ ನಾಮಕರಣ ಮಾಡಿದ. ವರೋವಾ ಅನ್ನೋದು ವಾರೋನಿಂದ ಬಂದದ್ದು. ಎರಡು ಸಾವಿರ ವರ್ಷದ ಹಿಂದೆ ಕೃಷಿಯ ಬಗ್ಗೆ ಪುಸ್ತಕ ಬರೆದ, ಜೇನಿನ ಕೋಣೆ ಆರು ಮೂಲೆಯದ್ದೇ ಯಾಕೆ ಅಂತ ತಲೆ ಕೆಡಿಸಿಕೊಂಡ ರೋಮನ್ ಪಂಡಿತ. ಪಾಪ, ಜೇನನ್ನು ಅಷ್ಟು ಪ್ರೀತಿಸಿದವನ ಹೆಸರು ಜೇನಿನ ಶತ್ರುವಿಗೆ ಅಂಟಿಕೊಂಡಿತು.

ಆದರೆ 1904ರಲ್ಲಿ ಅದು ಶತ್ರುವೇ ಆಗಿರಲಿಲ್ಲ. ಜಾವಾದಲ್ಲಿ ಅದು ಇದ್ದದ್ದು ಏಷ್ಯಾದ ಜೇನಿನ ಗೂಡಲ್ಲಿ. ಅದೇ ನಮ್ಮ ತುಡುವೆ. ಮರದ ಪೊಟರೆ, ಹುತ್ತ, ಗೋಡೆಯ ಸಂದಿಯಲ್ಲಿ ಸಾಲಾಗಿ ಎರಿ ಕಟ್ಟೋ, ಪೆಟ್ಟಿಗೆಗೆ ತಂದು ಸಾಕಬಹುದಾದ ಜೇನು. ನುಸಿಗೂ ತುಡುವೆಗೂ ಬಹಳ ಹಳೆಯ ಒಡನಾಟ.

ನುಸಿಯ ಸಂಸಾರ ಹೇಗೆ ನಡೆಯುತ್ತೆ ಅಂತ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಜೇನಿನ ಮರಿ ಬೆಳೆದು ಕೋಶ ಆಗುವ ಹೊತ್ತಿಗೆ ಕೆಲಸಗಾರ ಜೇನುಗಳು ಆ ಕೋಣೆಗೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚೋಕೆ ಸ್ವಲ್ಪ ಮೊದಲು ತಾಯಿ ನುಸಿ ಒಳಗೆ ನುಗ್ಗಿ ಮರಿಯ ಆಹಾರದಲ್ಲಿ ಮುಳುಗಿ ಕೂರುತ್ತೆ. ಬಾಗಿಲು ಹಾಕಿದ್ದೇ ಎದ್ದು ಮರಿಯ ಮೈಯಲ್ಲೊಂದು ತೂತು ಕೊರೆಯುತ್ತೆ. ಮೊದಲ ಮೊಟ್ಟೆ ಗಂಡು. ಆಮೇಲೆ ಸುಮಾರು ಮೂವತ್ತು ಗಂಟೆಗೊಂದರಂತೆ ಹೆಣ್ಣು. ಅಣ್ಣ ತಂಗಿಯರೇ ಒಳಗೆ ಕೂಡುತ್ತವೆ. ಜೇನು ಕೋಣೆ ಒಡೆದು ಹೊರಗೆ ಬರುವಾಗ ಅಷ್ಟರೊಳಗೆ ಬಲಿತ ಹೆಣ್ಣು ನುಸಿಗಳು ಜತೆಗೆ ಹೊರಬರುತ್ತವೆ. ಬಲಿಯದವು, ಗಂಡು ನುಸಿ, ಎಲ್ಲ ಒಳಗೇ ಸಾಯುತ್ತವೆ. ಅಂದರೆ ಎಲ್ಲಾ ನಿಂತಿರೋದು ಬಾಗಿಲು ಎಷ್ಟು ದಿನ ಮುಚ್ಚಿರುತ್ತೆ ಅನ್ನೋದರ ಮೇಲೆ.

ತುಡುವೆಯಲ್ಲಿ ಈ ನುಸಿ ಮರಿ ಮಾಡೋದು ಗಂಡು ಜೇನಿನ ಕೋಣೆಯಲ್ಲಿ ಮಾತ್ರ ಅನ್ನಬಹುದು. ಗಂಡು ಮರಿಗಳಿರೋದು ವರ್ಷದಲ್ಲಿ ಕೆಲವೇ ವಾರ, ಹಾಗಾಗಿ ನುಸಿಯ ಸಂಖ್ಯೆ ಏರೋದೇ ಇಲ್ಲ. ಗಂಡು ಮರಿಗೆ ನುಸಿ ಹೆಚ್ಚಾಗಿ ಹತ್ತಿ ಅದು ಸೊರಗಿದರೆ ಗಟ್ಟಿ ಮುಚ್ಚಳವನ್ನು ಒಡೆದು ಹೊರಬರೋಕೆ ಅದಕ್ಕೆ ಶಕ್ತಿ ಇರಲ್ಲ. ಕೆಲಸಗಾರ ಜೇನುಗಳೂ ಬಿಡಿಸಲ್ಲ. ಮರಿ ಮತ್ತು ನುಸಿ ಎರಡಕ್ಕೂ ಅಲ್ಲೇ ಸಮಾಧಿ. ಜತೆಗೆ ತುಡುವೆಗಳು ಒಂದರ ಮೈಯನ್ನೊಂದು ಸವರಿ ನುಸಿಯನ್ನು ಹಿಡಿದು ಕಚ್ಚಿ ಹಾಕುತ್ತವೆ. 1987ರಲ್ಲಿ ಪ್ರಕಟವಾದ ಪೆಂಗ್ ಮತ್ತು ಜತೆಗಾರರ ಪ್ರಯೋಗಗಳಲ್ಲಿ ತುಡುವೆಗಳು ಬಿಟ್ಟ ನುಸಿಗಳನ್ನೆಲ್ಲ ಹೆಚ್ಚುಕಮ್ಮಿ ಕಿತ್ತೆಸೆದಿದ್ದವು. ಅಷ್ಟೊಂದು ಅಲ್ಲ ಅಂತ ಆಮೇಲಿನವರು ಹೇಳಿದರೂ, ಸಾರಾಂಶ ಅದೇ.

ಕೆಟ್ಟದ್ದು ಶುರುವಾಗಿದ್ದು ಮನುಷ್ಯ ಪೆಟ್ಟಿಗೆ ಹೊತ್ತು ತಿರುಗೋಕೆ ಹತ್ತಿದ ಮೇಲೆ. ಯುರೋಪಿನ ಜೇನು ಮೆಲ್ಲಿಫೆರಾ ಈ ನುಸಿಯನ್ನು ನೋಡಿಯೇ ಇರಲಿಲ್ಲ. ಉಕ್ರೇನ್ ಕಡೆಯಿಂದ ರಷ್ಯಾದ ಪೂರ್ವದ ತುದಿಗೆ ವಲಸೆ ಹೋದ ರೈತರು ಜೇನುಪೆಟ್ಟಿಗೆಗಳನ್ನೂ ಒಯ್ದರು. ಜಪಾನಿಗೂ ಮೆಲ್ಲಿಫೆರಾ ಬಂತು. ಈಗ ಎರಡು ಜೇನುಗಳು ಒಂದೇ ಊರಲ್ಲಿ, ಒಂದೇ ಹೂವಿನ ಮೇಲೆ. ದುರ್ಬಲ ಗೂಡಿಗೆ ನುಗ್ಗಿ ಜೇನು ದೋಚೋದು ಜೇನಿಗೆ ಹುಟ್ಟುಗುಣ. 20ನೇ ಶತಮಾನದ ಮಧ್ಯದ ಹೊತ್ತಿಗೆ ನುಸಿ ಮನೆ ಬದಲಿಸಿತು.

ಹೊಸ ಮನೆಯಲ್ಲಿ ಅದಕ್ಕೆ ಸಿಕ್ಕಿದ್ದು ಭಾಗ್ಯ. ಮೆಲ್ಲಿಫೆರಾದ ಕೆಲಸಗಾರ ಕೋಣೆಯಲ್ಲೂ ಅದು ಮರಿ ಮಾಡಬಲ್ಲದು, ಮತ್ತು ಕೆಲಸಗಾರ ಕೋಣೆ ಅಲ್ಲಿ ಸಾವಿರಗಟ್ಟಲೆ. ಮುಚ್ಚಳ ಹನ್ನೆರಡು ದಿನ ಮುಚ್ಚಿರುತ್ತೆ. ಒಂದು ಸುತ್ತಿಗೆ ತಾಯಿಯೊಂದಕ್ಕೆ ಒಂದೂವರೆಯ ಹತ್ತಿರ ಬಲಿತ ಮಗಳು ಅಂತ ಲೆಕ್ಕ. ಕಮ್ಮಿ ಅನಿಸುತ್ತೆ, ಅಲ್ವಾ? ಚಕ್ರಬಡ್ಡಿ ಹಾಕಿ ನೋಡಿ. ಮದ್ದು ಮಾಡದೆ ಬಿಟ್ಟ ಮೆಲ್ಲಿಫೆರಾ ಕುಟುಂಬ ಸಾಮಾನ್ಯವಾಗಿ ಎರಡು ಮೂರು ವರ್ಷದಲ್ಲಿ ಮುಗಿಯುತ್ತೆ. 1970ರ ದಶಕದಿಂದ ನುಸಿ ಯುರೋಪಿನಲ್ಲಿ ಹಬ್ಬುತ್ತಾ ಹೋಯಿತು. ಜಪಾನಿನಿಂದ ಪೆರಗ್ವೆಗೆ ಹೋದ ಪೆಟ್ಟಿಗೆಗಳಲ್ಲಿ ದಕ್ಷಿಣ ಅಮೆರಿಕ ತಲುಪಿತು. 1987ರಲ್ಲಿ ಅಮೆರಿಕ, 1992ರಲ್ಲಿ ಇಂಗ್ಲೆಂಡ್, 2000ದಲ್ಲಿ ನ್ಯೂಜಿಲ್ಯಾಂಡ್. ಅದೇ 2000ದಲ್ಲಿ ಆಸ್ಟ್ರೇಲಿಯಾದ ಡೆನಿಸ್ ಆಂಡರ್ಸನ್ ಮತ್ತು ಟ್ರೂಮನ್ ಇನ್ನೊಂದು ಬಾಂಬು ಹಾಕಿದರು. ಜಗತ್ತೆಲ್ಲ ಹಬ್ಬಿರೋದು ಜೇಕಬ್‌ಸನ್ ಹಿಡಿದ ನುಸಿಯೇ ಅಲ್ಲ, ಅದರ ಇನ್ನೊಂದು ಜಾತಿ. ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಅಂತ ಹೊಸ ಹೆಸರಾಯ್ತು. ಅಲ್ಲಿವರೆಗಿನ ಎಷ್ಟೋ ಪ್ರಬಂಧಗಳು ಬೇರೆ ಆರೋಪಿಯ ಹೆಸರಲ್ಲಿ ಎಫ್‌ಐಆರ್ ಬರೆದಿದ್ದವು.

ಸರಿ, ನುಸಿ ಹೇಗೆ ಕೊಲ್ಲುತ್ತೆ? ಬಹಳ ವರ್ಷ ಎಲ್ಲರೂ ಅಂದುಕೊಂಡಿದ್ದು ಅದು ಜೇನಿನ ರಕ್ತ ಹೀರುತ್ತೆ ಅಂತ. 2019ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರಾಮ್ಸಿ ಮತ್ತು ಸಂಗಡಿಗರು ತೋರಿಸಿದ್ದು, ಬಲಿತ ಜೇನಿನಲ್ಲಿ ಅದು ಮುಖ್ಯವಾಗಿ ತಿನ್ನೋದು ಕೊಬ್ಬಿನ ಅಂಗಾಂಶವನ್ನ. ಕೊಬ್ಬು ಅಂದರೆ ನಮ್ಮ ಸೊಂಟದ ಟಯರ್ ಅಲ್ಲ. ಕೀಟದಲ್ಲಿ ಅದು ಉಗ್ರಾಣವೂ ಹೌದು, ಲಿವರೂ ಹೌದು. ಪ್ರೋಟೀನ್ ಕೂಡಿಡೋದು, ರೋಗ ತಡೆಯೋದು, ಹೊಟ್ಟೆಗೆ ಸೇರಿದ ಕೀಟನಾಶಕವನ್ನು ಕರಗಿಸೋದು ಎಲ್ಲ ಅದರದ್ದೇ ಕೆಲಸ. ಯುರೋಪಿನ ಚಳಿಗಾಲ ದಾಟೋಕೆ ಹುಟ್ಟೋ ಜೇನುಗಳು ತಿಂಗಳುಗಟ್ಟಲೆ ಬದುಕೋದು ಆ ಉಗ್ರಾಣ ನಂಬಿ. ನುಸಿ ಅದಕ್ಕೇ ಕನ್ನ ಹಾಕುತ್ತೆ. ಶರತ್ಕಾಲದಲ್ಲಿ ತುಂಬಿ ತುಳುಕುತ್ತಿದ್ದ ಪೆಟ್ಟಿಗೆ ವಸಂತದಲ್ಲಿ ಖಾಲಿ.

ಇಷ್ಟಾದರೂ ಇದು ಅರ್ಧ ಕತೆ. ಉಳಿದರ್ಧ ಕ್ಯಾಸನೂರಿನದು.

1980ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದ ಲೆಸ್ಲಿ ಬೈಲಿ ಮತ್ತು ಬ್ರೆಂಡಾ ಬಾಲ್ ಜಪಾನಿನಿಂದ ಬಂದ ಜೇನುಗಳಲ್ಲಿ ಒಂದು ವೈರಸ್ ಕಂಡರು. ಅದು ಹತ್ತಿದ ಜೇನು ಮುದುರಿದ, ಸುಟ್ಟ ಕಾಗದದಂಥ ರೆಕ್ಕೆಯೊಂದಿಗೆ ಹುಟ್ಟುತ್ತಿತ್ತು. ಹಾರಲಾರದೆ ಪೆಟ್ಟಿಗೆಯ ಮುಂದೆ ತೆವಳಿ ಸಾಯುತ್ತಿತ್ತು. ಹೆಸರು ರೆಕ್ಕೆ ಮುದುರು ವೈರಸ್ ಅಂತಿಟ್ಟುಕೊಳ್ಳೋಣ. ಈ ವೈರಸ್ ನುಸಿಯಿಲ್ಲದ ಕಡೆಯೂ ಇತ್ತು, ಆದರೆ ಸದ್ದಿಲ್ಲದೆ ಇತ್ತು. ನುಸಿ ಬಂದರೆ ಏನಾಗುತ್ತೆ ಅಂತ ತಿಳಿಯೋಕೆ ಪ್ರಕೃತಿಯೇ ಒಂದು ಪ್ರಯೋಗಶಾಲೆ ಕಟ್ಟಿಕೊಟ್ಟಿತು. ಹವಾಯಿ ದ್ವೀಪಗಳಲ್ಲಿ 2007ರಲ್ಲಿ ಒವಾಹು ದ್ವೀಪಕ್ಕೆ ನುಸಿ ಬಂತು, ಮರುವರ್ಷ ಬಿಗ್ ಐಲ್ಯಾಂಡಿಗೆ. ಉಳಿದ ದ್ವೀಪಗಳಲ್ಲಿ ಇನ್ನೂ ಇರಲಿಲ್ಲ. ಸ್ಟೀಫನ್ ಮಾರ್ಟಿನ್ ಮತ್ತು ಜತೆಯವರು 2012ರಲ್ಲಿ ಪ್ರಕಟಿಸಿದ ಪ್ರಕಾರ, ನುಸಿಯಿಲ್ಲದ ಕಡೆ ಹತ್ತರಲ್ಲೊಂದು ಕುಟುಂಬದಲ್ಲಿ ಸಿಗುತ್ತಿದ್ದ ವೈರಸ್ ನುಸಿ ಬಂದ ಕಡೆ ಎಲ್ಲ ಕುಟುಂಬಗಳಿಗೂ ಹಬ್ಬಿತ್ತು. ಅದಕ್ಕಿಂತ ಮುಖ್ಯವಾದ್ದು, ಮೊದಲು ಹಲವು ತಳಿಗಳಿದ್ದ ವೈರಸ್ಸಿನಲ್ಲಿ ಈಗ ಒಂದೇ ತಳಿ ಮೆರೆಯುತ್ತಿತ್ತು.

ಬಾಯಿಂದ ಹೊಟ್ಟೆಗೆ ಹೋಗುತ್ತಿದ್ದಾಗ ಅದೇ ವೈರಸ್ಸಿಗೆ ದಾರಿಯಲ್ಲಿ ಹತ್ತು ಚೆಕ್‌ಪೋಸ್ಟ್ ಇದ್ದವು. ನುಸಿ ಅದನ್ನು ಸೂಜಿಯಲ್ಲಿ ಚುಚ್ಚಿದ ಹಾಗೆ ನೇರ ಕೋಶದ ಮೈಗಿಳಿಸಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಯಾರೂ ರಿವ್ಯೂ ಮಾಡದೆ ನೇರ ಪ್ರೊಡಕ್ಷನ್‌ಗೆ ಹೋದ ಕೋಡ್. ನುಸಿ ಸಾಗಿಸಬಲ್ಲ ತಳಿಯೇ ಮೇಲಾಯ್ತು. ಕುಟುಂಬಗಳು ಸಾಯೋದು ಈ ಇಬ್ಬರ ಪಾಲುದಾರಿಕೆಯಲ್ಲಿ.

ಇಷ್ಟು ಓದಿಕೊಂಡು ನಾನು ಊರಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಕೂತೆ. ನನಗೆ ಬುದ್ಧಿ ಬಂದಾಗಿಂದ ನಮ್ಮನೆ ಅಟ್ಟದಲ್ಲಿ ನಾಲ್ಕು ಖಾಲಿ ಜೇನುಪೆಟ್ಟಿಗೆ ಇವೆ. ಒಂದರಲ್ಲಿ ಬಿತ್ತನೆ ಬೀಜ, ಒಂದರಲ್ಲಿ ಹಳೇ ಬೀಗ, ಮೊಳೆ. ನ್ಯೂಟನ್ ಪೆಟ್ಟಿಗೆ ಅಂತಾರೆ ಅದಕ್ಕೆ. ಸೇಬಿನ ನ್ಯೂಟನ್ ಅಲ್ಲ, 1910ರ ದಶಕದಲ್ಲಿ ತಿರುಚಿರಾಪಳ್ಳಿ ಕಡೆ ತುಡುವೆಯ ಅಳತೆಗೆ ಪೆಟ್ಟಿಗೆ ಮಾಡಿಸಿದ ಒಬ್ಬ ಪಾದ್ರಿ. ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ಪೆಟ್ಟಿಗೆಯ ಜೇನುಗಳು ಸತ್ತದ್ದು ಪಕ್ಕದ ಗದ್ದೆಯವರು ಭತ್ತಕ್ಕೆ ಔಷಧಿ ಹೊಡೆದದ್ದರಿಂದ ಅಂತ ನಮ್ಮನೆಯಲ್ಲಿ ನಂಬಿಕೆ. ಆ ಮನೆಯವರ ಜತೆ ಮಾತು ಬಿಟ್ಟು ಎಷ್ಟೋ ವರ್ಷ. ಅವರ ಮದುವೆಗೆ ನಾವು ಹೋಗಲ್ಲ, ನಮ್ಮ ತಿಥಿಗೆ ಅವರು ಬರಲ್ಲ.

ನಾನು ತಯಾರಾಗಿ ಹೋಗಿದ್ದು ನುಸಿಯ ಕತೆಯೊಂದಿಗೆ. ಕೇಳಿದೆ, "ದೊಡ್ಡಪ್ಪ, ರೆಕ್ಕೆ ಮುದುರಿದ ಹುಳ ಇದ್ವಾ? ಪೆಟ್ಟಿಗೆ ಮುಂದೆ ತೆವಳ್ತಿದ್ವಾ?"

"ಇಲ್ಲಪ್ಪ. ಹಾರೋ ಹುಳಕ್ಕೆ ಏನೂ ಆಗಿರ್ಲಿಲ್ಲ."

"ಮತ್ತೆ ಪೆಟ್ಟಿಗೆ ಮುಂದೆ ಸತ್ತ ಹುಳದ ರಾಶಿ?"

"ಅದೂ ಇಲ್ಲ. ಸತ್ತಿದ್ದು ಮರಿ. ಎರಿ ಎತ್ತಿ ನೋಡಿದ್ರೆ ಮರಿಗಳೆಲ್ಲ ತಲೆ ಮೇಲೆತ್ತಿಕೊಂಡು ಬಿದ್ದಿದ್ವು. ಚಿಮ್ಮಟದಲ್ಲಿ ಎತ್ತಿದ್ರೆ ನೀರು ತುಂಬಿದ ಚೀಲದ ಹಾಗೆ ಬರ್ತಿತ್ತು. ವಾಸನೆ ಇರ್ಲಿಲ್ಲ."

ಯಾವಾಗ ಅಂದರೆ, ನಿಮ್ಮಕ್ಕ ಒಂದನೇ ಕ್ಲಾಸು ಸೇರಿದ ಆಸುಪಾಸು ಅಂದರು. ಲೆಕ್ಕ ಹಾಕಿದರೆ 1992.

ಸತ್ತ ಗೂಡೂ ಪೋಸ್ಟ್‌ಮಾರ್ಟಂ ವರದಿ ಬಿಟ್ಟೇ ಹೋಗಿರುತ್ತೆ. ವಿಷದ ಹೊಡೆತವಾದರೆ ಹೊರಗೆ ದುಡಿಯೋ ಜೇನುಗಳು ಗೂಡಿನ ಮುಂದೆ ರಾಶಿ ಬೀಳುತ್ತವೆ. ನುಸಿಯಾದರೆ ಮುದುರಿದ ರೆಕ್ಕೆ, ತೆವಳೋ ಹುಳ, ಅಲ್ಲಲ್ಲಿ ಖಾಲಿ ಬಿಟ್ಟ ಮರಿಕೋಣೆ. ನೀರು ತುಂಬಿದ ಚೀಲ, ವಾಸನೆಯಿಲ್ಲ, ತಲೆ ಮೇಲೆ ಅಂದರೆ ಅದು ಥಾಯ್ ಸ್ಯಾಕ್‌ಬ್ರೂಡ್. ಮರಿ ಕೊನೆಯ ಪೊರೆ ಕಳಚಲಾರದೆ, ಹಳೇ ಚರ್ಮದೊಳಗೆ ನೀರು ತುಂಬಿಕೊಂಡು ಸಾಯುವ ವೈರಸ್ ರೋಗ.

ಇದು ಗೊತ್ತಾದದ್ದು 1976ರಲ್ಲಿ ಥಾಯ್ಲೆಂಡಿನಲ್ಲಿ. 1978ರಲ್ಲಿ ಮೇಘಾಲಯ, ಆಮೇಲೆ ಉತ್ತರ ಭಾರತ. 1991-92ರಲ್ಲಿ ದಕ್ಷಿಣಕ್ಕೆ ಇಳಿಯಿತು. ಕೇರಳ, ಕೊಡಗು, ದಕ್ಷಿಣ ಕನ್ನಡ, ಮಲೆನಾಡು. ಸಾಕು ತುಡುವೆ ಕುಟುಂಬಗಳಲ್ಲಿ ಶೇ. 90ಕ್ಕೂ ಹೆಚ್ಚು ಹೋದವು. ಸ್ವಾತಂತ್ರ್ಯಕ್ಕೂ ಮೊದಲೇ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘ ಕಟ್ಟಿದ್ದ ಕೊಡಗಿಗೆ ಬಿದ್ದ ಪೆಟ್ಟು ದೊಡ್ಡದು. ಅಲ್ಲಿನ ಕತೆ ಕೊನೇಪಕ್ಷ ಪತ್ರಿಕೆಗಳಲ್ಲಿ ಬಂತು. ನಮ್ಮಂಥ ಹಳ್ಳಿಗಳಲ್ಲಿ ನಾಲ್ಕು ಪೆಟ್ಟಿಗೆ, ಎಂಟು ಪೆಟ್ಟಿಗೆ ಇಟ್ಟಿದ್ದವರು ಪಕ್ಕದ ಗದ್ದೆಯನ್ನೋ ಮಾಟವನ್ನೋ ಬೈದುಕೊಂಡು ಪೆಟ್ಟಿಗೆ ಅಟ್ಟಕ್ಕೆ ಹಾಕಿದರು.

ಇಲ್ಲಿ ನುಸಿಯ ಕೈ ಇರಲಿಲ್ಲ. ಈ ವೈರಸ್ಸಿಗೆ ಉಣುಗೂ ಬೇಕಿಲ್ಲ, ನುಸಿಯೂ ಬೇಕಿಲ್ಲ. ಸತ್ತ ಮರಿಯನ್ನು ಎತ್ತಿ ಹಾಕುವಾಗ ಚೀಲ ಒಡೆದು ದಾದಿ ಜೇನಿನ ಬಾಯಿಗೆ ಅದು ಸೇರುತ್ತೆ, ಆ ಬಾಯಿಂದ ಮುಂದಿನ ಮರಿಯ ಊಟಕ್ಕೆ. ನುಸಿಯಿಂದ ತುಡುವೆಯನ್ನು ಕಾಪಾಡುತ್ತಾ ಬಂದ ಶುಚಿಯ ಗುಣವೇ ಇಲ್ಲಿ ರೋಗಕ್ಕೆ ದಾರಿ ಮಾಡಿತು. ಹಳೆಯ ಶತ್ರುವಿಗೆ ತಯಾರಾಗಿದ್ದ ಜೇನು ಹೊಸಬನ ಎದುರು ಬರಿಗೈಯಲ್ಲಿ ನಿಂತಿತ್ತು.

ನುಸಿ ನಮ್ಮ ರಾಜ್ಯದಲ್ಲಿ ತಲೆನೋವಾಗಿದ್ದು ಇದರ ನಂತರ. ತುಡುವೆ ಹೋಯ್ತಲ್ಲ, ಏನು ಮಾಡೋದು? ಮೆಲ್ಲಿಫೆರಾಕ್ಕೆ ಥಾಯ್ ರೋಗ ಹತ್ತಲ್ಲ. ಹಿಮಾಚಲದ ನಗ್ರೋಟಾದಲ್ಲಿ 1962ರಿಂದ ಅದನ್ನು ಸಾಕಿ ಗೆದ್ದಿದ್ದರು, ಪಂಜಾಬಿನಲ್ಲಿ ಸಾಸಿವೆ ಹೊಲಗಳ ತುಂಬಾ ಅದೇ. 1990ರ ದಶಕದಲ್ಲಿ ಅದು ಕೇರಳಕ್ಕೂ ಕರ್ನಾಟಕಕ್ಕೂ ಇಳಿಯಿತು. ಲಾರಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಸೂರ್ಯಕಾಂತಿ ಹೊಲದಿಂದ ರಬ್ಬರ್ ತೋಟಕ್ಕೆ ಅಲೆಯೋ ಹೊಸ ಥರದ ಜೇನು ಸಾಕಣೆ ಬೆಳೆಯಿತು. ಜೇನು ಹೆಚ್ಚು ಸಿಗುತ್ತೆ, ಸುಳ್ಳಲ್ಲ. ಆದರೆ ವೈರಸ್ಸಿನಿಂದ ತಪ್ಪಿಸಿಕೊಳ್ಳೋಕೆ ತಂದ ಜೇನು ನುಸಿಗೆ ಹೇಳಿ ಮಾಡಿಸಿದ ಊಟ. ತುಡುವೆ ಇಟ್ಟವನು ಫಾರ್ಮಿಕ್ ಆಸಿಡ್ಡಿನ ಹೆಸರೂ ಕೇಳಿರಲಿಲ್ಲ. ಮೆಲ್ಲಿಫೆರಾ ಇಟ್ಟವನಿಗೆ ಅದು, ಗಂಧಕದ ಪುಡಿ, ರಾಸಾಯನಿಕ ಪಟ್ಟಿ ಎಲ್ಲ ಸಾಮಾನು ಪಟ್ಟಿಯಲ್ಲಿ ಸೇರಿಕೊಂಡವು. ಪಟ್ಟಿಗಳದ್ದು ಬೇರೆ ಗೋಳು. ಒಂದೇ ಮದ್ದು ವರ್ಷಗಟ್ಟಲೆ ಹಾಕಿದರೆ ನುಸಿ ಒಗ್ಗಿಕೊಳ್ಳುತ್ತೆ. 1990ರ ದಶಕದಲ್ಲಿ ಇಟಲಿಯಲ್ಲಿ ಹಾಗೇ ಆಯ್ತು. 2025ರ ಆರಂಭದಲ್ಲಿ ಅಮೆರಿಕದ ದೊಡ್ಡ ಜೇನು ಸಾಕಣೆದಾರರು ಅರ್ಧಕ್ಕೂ ಹೆಚ್ಚು ಪೆಟ್ಟಿಗೆ ಕಳೆದುಕೊಂಡಾಗ ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳಿಗೆ ಸಿಕ್ಕಿದ್ದೂ ಅದೇ ಜೋಡಿ: ಮೈತುಂಬಾ ವೈರಸ್, ಜತೆಗೆ ಅಮಿಟ್ರಾಜ್ ಮದ್ದಿಗೆ ಜಗ್ಗದ ನುಸಿ.

ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅವ್ರು ಔಷಧಿ ಹೊಡೆದಿದ್ದು ಸರೀನಾ?" ಅಂದರು. ಸರಿ ಅಂತ ನಾನು ಹೇಳಲಾರೆ. ಹೂ ಬಿಟ್ಟ ಹೊತ್ತಲ್ಲಿ ಹೊಡೆದ ಔಷಧಿ ಜೇನನ್ನು ಕೊಲ್ಲುತ್ತೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ವರ್ಷ, ಆ ನಾಲ್ಕು ಪೆಟ್ಟಿಗೆಯನ್ನ ಕೊಂದದ್ದು ಅದಲ್ಲ. ಅವರು ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ದನಕ್ಕೆ ನೀರಿಡೋಕೆ ಹೋದರು.

ಬದುಕುಳಿದ ತುಡುವೆಗಳಿಂದ ಮತ್ತೆ ಗೂಡುಗಳು ಬೆಳೆದಿವೆ. ಕಾಡಿನ ಪೊಟರೆಗಳಲ್ಲಿ ಉಳಿದವು, ರೋಗ ತಡೆದುಕೊಂಡ ಕೆಲವು ಪೆಟ್ಟಿಗೆಯವು. ಮಲೆನಾಡಿನಲ್ಲಿ ಈಗ ಮತ್ತೆ ತುಡುವೆ ಪೆಟ್ಟಿಗೆ ಇಡೋರಿದ್ದಾರೆ. ಥಾಯ್ ರೋಗ ಆಗಾಗ ಬಂದು ಹೋಗುತ್ತೆ, ಮೊದಲಿನಷ್ಟು ಕೊಲ್ಲಲ್ಲ. ಅವಕ್ಕೆ ನುಸಿಯ ಮದ್ದು ಯಾರೂ ಹಾಕಲ್ಲ, ಬೇಕೂ ಇಲ್ಲ.

ಇನ್ನೊಂದು ನುಸಿಯ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ, ಅದು ನಮ್ಮ ಹೆಜ್ಜೇನಿನದು. ಟ್ರೋಪಿಲೇಲಾಪ್ಸ್ ಅಂತ. 1961ರಲ್ಲಿ ಫಿಲಿಪ್ಪೀನ್ಸಿನ ಮಾದರಿಗಳಿಂದ ಅದನ್ನು ಗುರುತಿಸಿದರು. ವರೋವಾಕ್ಕಿಂತ ಸಣ್ಣದು, ಓಡೋದು ಜೋರು, ಮೆಲ್ಲಿಫೆರಾದ ಪೆಟ್ಟಿಗೆಗೆ ಹತ್ತಿದರೆ ವರೋವಾಕ್ಕಿಂತ ಬೇಗ ಹೆಚ್ಚುತ್ತೆ. ಭಾರತದ ಮೆಲ್ಲಿಫೆರಾ ಸಾಕಣೆದಾರರಿಗೆ ಇದರ ಪರಿಚಯ ಚೆನ್ನಾಗೇ ಇದೆ. ವರೋವಾವನ್ನು ದಶಕಗಟ್ಟಲೆ ಹೊರಗಿಟ್ಟು, 2022ರಲ್ಲಿ ನ್ಯೂಕ್ಯಾಸಲ್ ಬಂದರಿನ ಹತ್ತಿರ ಕಂಡು, ಸಾವಿರಾರು ಪೆಟ್ಟಿಗೆ ನಾಶ ಮಾಡಿ, 2023ರಲ್ಲಿ ಕೈಚೆಲ್ಲಿದ ಆಸ್ಟ್ರೇಲಿಯಾ ಈಗ ಹೆದರೋ ಹೆಸರುಗಳಲ್ಲಿ ಇದೂ ಒಂದು. ನಮ್ಮ ಹೆಜ್ಜೇನಿಗೆ ಮಾತ್ರ ಇದು ಲೆಕ್ಕಕ್ಕಿಲ್ಲ. ಕಾರಣ ಸರಳ. ಈ ನುಸಿಯ ಬಾಯಿ ಬಲಿತ ಜೇನಿನ ಗಟ್ಟಿ ಚರ್ಮವನ್ನು ಕೊರೆಯಲಾರದು, ಅದಕ್ಕೆ ಮೆತ್ತನೆಯ ಮರಿಯೇ ಬೇಕು. ಹೆಜ್ಜೇನು ಒಂದು ಕಡೆ ನಿಲ್ಲಲ್ಲ. ಹೂವು ಮುಗಿದದ್ದೇ ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ, ಇದ್ದ ಮರಿಗಳು ಹಾರಿದ ಮೇಲೆ ಇಡೀ ಹಿಂಡು ಎದ್ದು ಹೋಗುತ್ತೆ. ಮರದ ಕೊಂಬೆಗೆ ಅರ್ಧಚಂದ್ರದಂಥ ಖಾಲಿ ಎರಿ ನೇತಾಡುತ್ತಿರುತ್ತೆ. ಅದರಲ್ಲಿ ಉಳಿದ ನುಸಿಗಳು, ಜೇನಿನ ಮೈಹತ್ತಿ ಹೊರಟ ನುಸಿಗಳು, ಎರಡೂ ಕೆಲವೇ ದಿನಗಳಲ್ಲಿ ಹಸಿವಿನಿಂದ ಸಾಯುತ್ತವೆ.